ಹೆಬ್ಬಾತು ಕೂತ ದಡ

ಕೆರೆಯ ಮೂಡಲ ದಡದಲ್ಲಿ ಕೇರಿಯ ದನಗಳು ತಲೆಮಾರುಗಳಿಂದ ಮೇಯುತ್ತಿದ್ದವು. ತೆಂಗಿನ ತೋಟದ ಬಸವಕುಮಾರ್, ಚಳಿಗಾಲಕ್ಕೆ ಕೆರೆಗೆ ಬರುವ ಹೆಬ್ಬಾತುಗಳ ಹೆಸರು ಹೇಳಿ, ಅಲ್ಲಿಗೆ ತಂತಿಬೇಲಿ ಹಾಕಿಸಿ, 'ಹಕ್ಕಿಗಳ ತಾಣ, ದನ ಬಿಡಬಾರದು' ಎಂದು ಬೋರ್ಡು ನೆಡಿಸಿದ.

ರಂಗಕ್ಕ ತನ್ನ ಒಂಟಿ ಎಮ್ಮೆಯನ್ನು ಪಡುವಲ ದಡಕ್ಕೆ ಹೊಡೆದುಕೊಂಡು ಹೋದಳು. ಅಲ್ಲಿ ಉಳಿದದ್ದು ಸೀರೆಯಗಲದ ಹುಲ್ಲು.

ಮಾರ್ಗಶಿರದ ಚಳಿಯಲ್ಲಿ ತಿಪಟೂರಿನಿಂದ ಹಕ್ಕಿ ನೋಡುವವರು ಬಂದರು. ಬೇಲಿ ಇರಬೇಕೋ ಕೀಳಬೇಕೋ ಎಂಬುದನ್ನು ಪಂಚಾಯ್ತಿ ಅವರ ಮಾತಿಗೇ ಬಿಟ್ಟಿತ್ತು. ಊರು ಸುತ್ತಿದರು. ರಾಗಿ ಕಣದಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ ಹಕ್ಕಿ ಸಿಕ್ಕಿತು, ಕರೆಂಟು ತಂತಿಯ ಮೇಲೆ ಹಸಿರು ರೆಕ್ಕೆಯ ಕಳ್ಳಿಪೀರ. ಕೊನೆಗೆ ಬೇಲಿಯೊಳಗೆ ಬಂದರು.

"ಎಲ್ರೀ ಹೆಬ್ಬಾತು?" ಎಂದರು ಮುಂದಾಳು ಭವ್ಯಶ್ರೀ ಮೇಡಂ.

"ಇಲ್ಲೇ ಇರ್ತವೆ ಕಣ್ರೀ ಮೇಡಂ, ಒಂದ್ನಿಮಿಷ" ಎಂದು ಬಸವಕುಮಾರ್ ಏರಿ ಹತ್ತಿದ.

ದನ ಮೇಯದೆ ಬೇಲಿಯೊಳಗೆ ಹುಲ್ಲು ಎದೆಮಟ್ಟ ಬೆಳೆದಿತ್ತು. ಹೆಬ್ಬಾತುಗಳೆಲ್ಲ ಎದುರಿನ ಪಡುವಲ ದಡದಲ್ಲಿದ್ದವು. ರಂಗಕ್ಕನ ಎಮ್ಮೆ ಮೇಯ್ದು ಗಿಡ್ಡಗಾದ ಗರಿಕೆಯನ್ನು, ಅದರ ಕಾಲ ಬುಡದಲ್ಲೇ, ಕಿತ್ತು ತಿನ್ನುತ್ತಿದ್ದವು. ಹುಲ್ಲಿನ ಮರೆಯಲ್ಲಿ ನಿಂತ ಪೇಟೆಯವರಿಗೆ ಅದು ಕಾಣಲಿಲ್ಲ.

ಬಸವಕುಮಾರ್ ಕಣದಲ್ಲಿದ್ದ ತಗಡಿನ ಡಬ್ಬ ಎತ್ತಿಕೊಂಡು ಏದುಸಿರು ಬಿಡುತ್ತಾ ಪಡುವಲ ದಡದ ರಂಗಕ್ಕನ ಹತ್ತಿರ ಬಂದ.

"ರಂಗಕ್ಕ, ಇದನ್ನ ಬಡಿ. ಎದ್ದು ಆ ಕಡೀಕೆ ಹಾರ್ಲಿ."

ದಿನಾ 'ಏಯ್' ಎನ್ನುವ ಬಾಯಲ್ಲಿ ಇವತ್ತು ಅಕ್ಕ.

"ಕೆಮ್ಮುದ್ರೂ ಹಕ್ಕಿ ಬೆದರ್ತವೆ ಅಂದಿದ್ರಲ್ಲ ಸ್ವಾಮಿ?"

"ಆ ಕಡೆ ಕೆಮ್ಮಬಾರ್ದು. ಈ ಕಡೆ ಬಡೀಬೇಕು."

"ಹಕ್ಕಿ ಅವೇ ತಾನೆ?"

"ಅವೇ. ಜಾಗ ಬ್ಯಾರೆ."

"ಬೇಲಿ ಯಾಕ್ ಹಾಕ್ಸಿದ್ರಿ?"

"ಹಕ್ಕಿ ಬರ್ಲಿ ಅಂತ."

"ಬಂದವಲ್ಲ."

"ಬೇಲಿ ಒಳೀಕೆ ಬರ್ಬೇಕು!"

ರಾಗಿಗೆ ಬೀಳುವ ಗುಬ್ಬಿ ಓಡಿಸಲು ಪ್ರತಿ ವರ್ಷ ಇದೇ ಡಬ್ಬ ಬಡಿದವಳು ಅವಳು. ಇಲ್ಲಿ ಕಾಯಬೇಕಾದದ್ದು ಏನನ್ನು, ಯಾರಿಂದ? ಎಮ್ಮೆಗೆ ಹೆದರುವ ಹಕ್ಕಿ ಎಮ್ಮೆಯ ಕಾಲಡಿಗೇ ಯಾಕೆ ಬಂತು?

ಬಸವಕುಮಾರ್ ದನಿ ತಗ್ಗಿಸಿದ. "ಬಡಿ ಕಣಕ್ಕ. ಅವ್ರು ಹೋದ್ಮ್ಯಾಲೆ ನಿನ್ನ ಎಮ್ಮೆಗೆ ಗೇಟು ತೆಗೀತೀನಿ."

"ಎಮ್ಮೆ ಬಂದ್ರೆ ಹಕ್ಕಿ ಬೆದರಾಕಿಲ್ವ?"

ಎದುರು ದಡದ ಹುಲ್ಲಿನ ಮರೆಯಿಂದ ಮೇಡಂ ಕೂಗಿದರು: "ಸಾರ್, ಸಿಕ್ಕಿದ್ವಾ?"

"ಬಂದ್ವು, ಬಂದ್ವು!" ಎಂದು ಕೂಗಿ ಅವನು ಇವಳತ್ತ ತಿರುಗಿದ. "ಬಡೀ ಅಂದ್ರೆ!"

ರಂಗಕ್ಕ ಡಬ್ಬ ಇಸಿದುಕೊಂಡಳು. ಬೋರಲು ಹಾಕಿ ಅದರ ಮೇಲೆ ಕೂತಳು.

"ಬಡಿಯಾಕಿಲ್ಲ. ಆ ಅಮ್ಮನ್ನೇ ಈ ದಡಕ್ಕೆ ಕರ್ಕಂಬನ್ನಿ."