ಬದುವಿನ ಗರಿಕೆ

ಚಿಕ್ಕಬಾಣಾವರದಲ್ಲಿ ಜಾಗ ಅಡಿ ಲೆಕ್ಕದಲ್ಲಿ ಮಾರಾಟವಾಗುವ ಕಾಲದಲ್ಲಿ ನನ್ನ ಗಂಡ ಚಿಕ್ಕಬೈರಪ್ಪ ರಾಗಿ ಹೊಲದ ತಗ್ಗಿನ ಅಂಚಿಗೆ ಎರಡು ಮಾರು ಅಗಲ ಬರೀ ಗರಿಕೆ ಬೆಳೆಯಲು ಬಿಟ್ಟರು. ಊರೆಲ್ಲ ನಕ್ಕಿತು, ನಾನೂ ಬೈದೆ. ರಾಗಿಗೆ ಹೊಡೆದ ಕಳೆ ಔಷಧಿ ಮಳೆನೀರಿನ ಜೊತೆ ಇಳಿದು ಕೆಳಗಿನ ಬಾವಿ ಸೇರದ ಹಾಗೆ ಹುಲ್ಲು ತಡೆಯುತ್ತದಂತೆ. ನಾವು ಕುಡಿಯುವುದೇ ಆ ಬಾವಿಯ ನೀರು, ಹಾಗಾಗಿ ಬಾಯಿ ಮುಚ್ಚಿಕೊಂಡೆ.

ಆ ವರ್ಷ ಔಷಧಿ ಹೊಡೆದ ಸಂಜೆಯೇ ಜೋರು ಮಳೆ. ವಾರ ಕಳೆದು, ಗಣೇಶನ ಹಬ್ಬಕ್ಕೆ ಮುಂಚಿನ ದಿನ ಹೊಲಕ್ಕೆ ಹೋದೆ. ಕಳೆಯೆಲ್ಲ ಸತ್ತಿತ್ತು. ರಾಗಿಯೂ ಗರಿಕೆಯೂ ಹಸಿರಾಗಿದ್ದವು, ಆ ಔಷಧಿ ಅಗಲ ಎಲೆಯ ಕಳೆಯನ್ನು ಕೊಲ್ಲುತ್ತದೆ, ಹುಲ್ಲಿನ ಜಾತಿಗೇನೂ ಮಾಡುವುದಿಲ್ಲ. ನನ್ನ ವಾರಗಿತ್ತಿ ಸೊಣ್ಣಮ್ಮ ಬದುವಿನಲ್ಲಿ ಬಗ್ಗಿ ಸೆರಗಿನ ತುಂಬ ಗರಿಕೆ ಚಿವುಟಿಕೊಳ್ಳುತ್ತಿದ್ದಳು.

"ಗಣೇಶಂಗೇನೇ?" ಎಂದೆ.

"ಗಣೇಶಂಗೂ ಆಯ್ತು, ಶಿಲ್ಪಂಗೂ ಆಯ್ತು ಅಕ್ಕ. ಮಳೆ ಬಂದಾಗ್ನಿಂದ ದಿನಾ ರಸ ಇಂಡಿ ಕೊಡ್ತಿವ್ನಿ. ಬಸ್ರಿ ಮೈಗೆ ತಂಪು."

ಶಿಲ್ಪ ಅವಳ ಸೊಸೆ, ಏಳು ತಿಂಗಳ ಬಸುರಿ. ಬಾವಿಗೆ ಹೋಗದ ಹಾಗೆ ತಡೆದ ವಿಷ ಗಾಳಿಗೆ ಹಾರಿ ಹೋಗುತ್ತದೆಯೇ? ಆ ಹುಲ್ಲಿನಲ್ಲೇ ಕೂತಿರುತ್ತದೆ. ಅದನ್ನೇ ಅವಳಿಗೆ ಹೇಳಿದೆ.

"ದೇವ್ರಿಗೆ ಏರ್ಸೋ ಉಲ್ಲಕ್ಕ ಇದು. ಇದ್ರಾಗೆ ಎಂಥಾ ಇಸ?" ಎಂದಳು. ಹಾಗೆನ್ನುತ್ತಲೇ ಸೆರಗನ್ನು ಕೊಡವಿದಳು. ದೇವರ ಮೇಲಿನ ನಂಬಿಕೆ ಒಂದು ಕಡೆ, ಮೊಮ್ಮಗುವಿನ ಮೇಲಿನ ಜೀವ ಇನ್ನೊಂದು ಕಡೆ. ಇಬ್ಬರೂ ಮನೆ ಕಡೆ ಓಡಿದೆವು. ಓಡುತ್ತಲೇ ನಮ್ಮವರಿಗೆ ಫೋನ್ ಮಾಡಿ, ಡಾಕ್ಟರಿಗೆ ತೋರಿಸಲು ಔಷಧಿ ಡಬ್ಬ ಹಿಡಿದುಕೊಂಡು ಆಟೋ ತನ್ನಿ ಎಂದೆ.

ಶಿಲ್ಪ ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ನಮ್ಮ ಮುಖ ನೋಡಿ, ಕಳ್ಳತನ ಸಿಕ್ಕಿಬಿತ್ತು ಎಂದುಕೊಂಡಳೇನೋ.

"ಬೈಬೇಡಿ ಅತ್ತೆ. ಆ ರಸದ ವಾಸ್ನೆಗೇ ವಾಂತಿ ಬರ್ತಿತ್ತು. ನೀವು ಆ ಕಡೆ ತಿರುಗ್ತಿದ್ದಂಗೆ ತುಳಸಿ ಕುಂಡಕ್ಕೆ ಸುರೀತಿದ್ದೆ."

ಸೊಸೆ ಮಾತು ಕೇಳಲಿಲ್ಲವೆಂದು ದೇವರಿಗೆ ಕೈಮುಗಿದ ಅತ್ತೆಯನ್ನು ನಾನು ಅವತ್ತೇ ನೋಡಿದ್ದು. ನನಗೂ ನಗು ಬಂತು, ಹೋದ ಜೀವ ಬಂದ ಹಾಗಾಯಿತು. ಆಮೇಲೆ ತುಳಸಿಯ ಕಡೆ ನೋಡಿದೆ. ಕುಡಿಗಳೆಲ್ಲ ಸೊಟ್ಟಗೆ ತಿರುಚಿಕೊಂಡು ಜೋತುಬಿದ್ದಿದ್ದವು. ಔಷಧಿ ತಾಗಿದ ಕಳೆ ಸಾಯುವುದು ಹೀಗೇ ಎಂದೆ.

ಶಿಲ್ಪಳೂ ನೋಡಿದಳು. ಕೈಯಲ್ಲಿದ್ದ ಬಟ್ಟೆ ಜಾರಿತು.

"ದೊಡ್ಡತ್ತೆ, ಮೊದಲ್ನೇ ದಿನ ಕುಡಿದ್ಬಿಟ್ಟಿದ್ದೆ. ಲೋಟ ಪೂರ್ತಿ."

ಆಟೋ ಬಂತು, ಆಸ್ಪತ್ರೆಗೆ ಹೋಗಲು ಹತ್ತಿದೆವು. ಮುಂದೆ ಡ್ರೈವರ್ ಪಕ್ಕದಲ್ಲಿ ನಮ್ಮವರು ಡಬ್ಬವನ್ನು ತೊಡೆ ಮೇಲಿಟ್ಟುಕೊಂಡು ಕೂತರು. ಬದು ಬಿಟ್ಟ ದಿನದ ಹೆಮ್ಮೆ ಆ ಮುಖದಲ್ಲಿ ಚೂರೂ ಇರಲಿಲ್ಲ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಆಟೋ ಸಿಕ್ಕಿಹಾಕಿಕೊಂಡಿತು. ಹಿಂದೆ ಲಾರಿ, ಮುಂದೆ ಲಾರಿ.

"ಇವತ್ತು ಮಗು ಒದ್ದಿದೆಯೇನೆ?" ಎಂದು ಕೇಳಿದೆ.

"ಕೆಲ್ಸದಲ್ಲಿದ್ದೆ, ಗಮನ ಕೊಟ್ಟಿಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು.

ಸೊಣ್ಣಮ್ಮ ಸೊಸೆಯ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ಹಾರ್ನ್‌ಗಳ ಗಲಾಟೆಯ ನಡುವೆ ನಾವೆಲ್ಲ ಆ ಕೈಯನ್ನೇ ನೋಡುತ್ತ ಕಾದೆವು. ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ.

"ಅಕ್ಕ, ಅಲ್ಲಾಡ್ತು," ಎಂದಳು ಸೊಣ್ಣಮ್ಮ, ಅಳುತ್ತ. "ಅಲ್ಲಾಡ್ತೈತೆ ನೋಡಕ್ಕ, ಒದೀತೈತೆ."

ಶಿಲ್ಪ ಅತ್ತೆಯ ಕೈಯನ್ನು ತನ್ನ ಎರಡೂ ಕೈಗಳಿಂದ ಅದುಮಿ ಹಿಡಿದಳು.

"ಅದು ಮಗು ಅಲ್ಲ ಅತ್ತೆ," ಎಂದಳು. "ನಿಮ್ ಕೈ ನಡುಗ್ತಿದೆ."