ನೆಟ್‌ವರ್ಕಿಗೆ ಸೇರಿದ ಡಾಕ್ಟರು

ಅರವತ್ತೈದು ದಾಟಿದವರಿಗೆಲ್ಲ ವಿಮಾ ಕಂಪನಿ ಡಾಕ್ಟರುಗಳ ಪಟ್ಟಿಯಿರುವ ದಪ್ಪ ಪುಸ್ತಕವೊಂದನ್ನು ವರ್ಷಕ್ಕೊಮ್ಮೆ ಕಳಿಸುತ್ತಿತ್ತು. ಆ ಕಟ್ಟಡದಲ್ಲಿ ಬಹಳಷ್ಟು ಮಂದಿ ಅದನ್ನು ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟು ಕೈತೊಳೆದುಕೊಂಡಿದ್ದರು. ಪೂರ್ತಿ ಓದಿದವರು ಒಬ್ಬರೇ, ಮೂರನೇ ಮಹಡಿಯ ಲೈಬ್ರರಿ ಅಕ್ಕ. ಮೂವತ್ತಾರು ವರ್ಷ ಪುಸ್ತಕಗಳಿಗೆ ಕಾರ್ಡು ಬರೆದು ನಿವೃತ್ತರಾದವರು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಕಾರ್ಡು ಬರೆಯಲು ಬೇರೇನೂ ಉಳಿದಿರಲಿಲ್ಲವಾಗಿ ಡಾಕ್ಟರುಗಳಿಗೇ ಬರೆಯಲು ಕೂತರು.

ಊಟದ ಮೇಜಿನ ಮೇಲೆ ಚಪ್ಪಲಿಯ ಡಬ್ಬ, ಅದರೊಳಗೆ ನಾನೂರ ಹನ್ನೆರಡು ಕಾರ್ಡು. ಮುಂದೆ ಹೃದಯದವರು, ಆಮೇಲೆ ಕಣ್ಣಿನವರು, ಮೂಳೆಯವರು. ಅವರ ಗಂಡನ ತಮ್ಮ, ಬಸ್ ಕಂಡಕ್ಟರಾಗಿ ನಿವೃತ್ತನಾದವನು, ಮೇಲಿನ ಮಹಡಿಯಲ್ಲಿದ್ದ. ಅಣ್ಣ ತೀರಿಹೋದ ಮೇಲೂ ಪೇಪರ್ ಓದುವ ನೆಪದಲ್ಲಿ ದಿನಾ ಕೆಳಗಿಳಿದು ಬಂದು ಕಾಫಿ ಕುಡಿದು ಹೋಗುತ್ತಿದ್ದ.

“ಇದೇನು ಅತ್ತಿಗೆ, ಕಾಯಿಲೆ ಬರೋಕೆ ಮುಂಚೇನೇ ಸೀಟು ಹಿಡೀತಿದ್ದೀರಾ?”

“ನಗಬೇಡ, ಕೇಳಿಲ್ಲಿ. ಈ ಪ್ಲ್ಯಾನ್‌ನಲ್ಲಿ ಕಂಪನಿಯೋರು ಕೆಲವು ಡಾಕ್ಟರು, ಕೆಲವು ಆಸ್ಪತ್ರೆ ಜೊತೆ ಮೊದಲೇ ಒಪ್ಪಂದ ಮಾಡ್ಕೊಂಡಿರ್ತಾರೆ. ಅದೇ ನೆಟ್‌ವರ್ಕು. ಅವರ ಹತ್ರ ಹೋದ್ರೆ ನಮ್ಮ ಕೈಯಿಂದ ಹೋಗೋದು ಕಮ್ಮಿ. ಹೊರಗಿನವರ ಹತ್ರಾನೂ ಹೋಗಬಹುದು, ಬೇಡ ಅನ್ನಲ್ಲ. ಆದ್ರೆ ಜಾಸ್ತಿ ಬೀಳುತ್ತೆ. ಸ್ಪೆಷಲಿಸ್ಟನ್ನ ನೋಡೋಕೆ ಇನ್ನೊಬ್ಬ ಡಾಕ್ಟರ ಚೀಟಿಯೂ ಬೇಕಾಗಿಲ್ಲ.”

“ಅಂದ್ರೆ ಪಾಸ್ ಇದ್ದೋರು ನಮ್ಮ ಬಸ್ಸಲ್ಲಿ ಆರಾಮಾಗಿ ಕೂರಬಹುದು. ಖಾಸಗಿ ಬಸ್ಸಿಗೆ ಹತ್ತಿದ್ರೆ ಇಳಿಸಲ್ಲ, ಟಿಕೆಟ್ಟಿಗೆ ಮಾತ್ರ ಕೈಯಿಂದ ಕೊಡಬೇಕು. ಅಷ್ಟೇ ತಾನೇ?”

ಮೂರು ವಾರ ಕಣ್ಣು ಕೆಂಪಗೆ ಮಾಡಿಕೊಂಡು ಓದಿದ್ದನ್ನು ಇವನು ಒಂದು ಗುಟುಕು ಕಾಫಿಯಲ್ಲಿ ಹೇಳಿ ಮುಗಿಸಿದ್ದಕ್ಕೆ ಅಕ್ಕನಿಗೆ ಮೈಯೆಲ್ಲ ಉರಿಯಿತು. ಹೆಚ್ಚುಕಮ್ಮಿ ಸರಿಯಾಗಿಯೇ ಹೇಳಿದ್ದ ಎನ್ನುವುದು ಇನ್ನಷ್ಟು ಉರಿಸಿತು.

ಅವರ ಸಂಕಟ ಬೇರೆಯೇ ಇತ್ತು. ಎರಡು ಬೀದಿ ಆಚೆ, ದರ್ಜಿ ಅಂಗಡಿಯ ಮೇಲೆ ಕೂರುತ್ತಿದ್ದ ಅವರ ಡಾಕ್ಟರ ಕಾರ್ಡು ಆ ಡಬ್ಬದಲ್ಲಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ನೋಡುತ್ತಿದ್ದ ಡಾಕ್ಟರು. ಗಂಡ ಹೋದ ಮೇಲೆ ಅಕ್ಕನ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದವರು ಅವರೊಬ್ಬರೇ. ಅಕ್ಕನಿಗೆ ನೇರವಾಗಿ ವಿಷಯಕ್ಕೆ ಬಂದು ಅಭ್ಯಾಸವಿಲ್ಲ. ಎದೆ ಹಿಡಿದುಕೊಂಡಿದ್ದನ್ನು ಹೇಳಬೇಕಾದರೆ ಅದಕ್ಕೂ ಮೊದಲು ಹತ್ತಿದ ಮೆಟ್ಟಿಲು, ಮೆಟ್ಟಿಲಿಗೂ ಮೊದಲು ಕೆಟ್ಟ ಲಿಫ್ಟು, ಲಿಫ್ಟಿಗೂ ಮೊದಲು ಬರುತ್ತೇನೆಂದು ಬಾರದ ರಿಪೇರಿಯವನು. ಡಾಕ್ಟರು ರಿಪೇರಿಯವನನ್ನೂ ಸಹಿಸಿಕೊಂಡು ನಿಧಾನವಾಗಿ ಎದೆಯವರೆಗೆ ಬರುತ್ತಿದ್ದರು. ಪಿಂಚಣಿಯಲ್ಲಿ ತಿಂಗಳು ತಿಂಗಳೂ ಹೊರಗಿನ ದರ ತೆರುವುದು ಆಗದ ಮಾತು. ಈ ಡಾಕ್ಟರನ್ನು ಬಿಡುವುದಂತೂ ಸುತರಾಂ ಆಗದ ಮಾತು. ತಾವು ಹೊರಗೆ ಹೋಗುವ ಬದಲು ಡಾಕ್ಟರನ್ನೇ ಒಳಗೆ ಎಳೆದುಕೊಂಡರಾಯಿತು ಎಂದು ಅಕ್ಕ ತೀರ್ಮಾನಿಸಿದರು.

“ನೆಟ್‌ವರ್ಕಿಗೆ ಸೇರೋ ಅರ್ಜಿ ನಲವತ್ತು ಪುಟ ಇದೆಯಮ್ಮ. ಅದಕ್ಕೇ ನಾನು ಆ ಕಡೆ ತಲೆ ಹಾಕಿಲ್ಲ,” ಅಂದರು ಡಾಕ್ಟರು.

“ನೀವು ಸಹಿ ಹಾಕಿ ಸಾಕು. ಉಳಿದಿದ್ದು ನನಗಿರಲಿ.”

“ಜನ ಜಾಸ್ತಿ ಆಗ್ತಾರೆ.”

“ಆಗಲಿ ಬಿಡಿ ಡಾಕ್ಟ್ರೇ. ಒಳ್ಳೆಯವರು ನಾಲ್ಕು ಜನಕ್ಕೆ ಸಿಗಬೇಕು.”

ಮೂರು ಶನಿವಾರ ಕ್ಲಿನಿಕ್ಕಿನ ಮೂಲೆಯಲ್ಲಿ ಕೂತು ನಲವತ್ತೂ ಪುಟ ತುಂಬಿದರು. ಮುಂದಿನ ಪಟ್ಟಿಯಲ್ಲಿ ಡಾಕ್ಟರ ಹೆಸರು ಬಂದ ದಿನ ಗುಂಡಗಿನ ಅಕ್ಷರದಲ್ಲಿ ಒಂದು ಕಾಗದ ಬರೆದು ಲಿಫ್ಟಿನ ಪಕ್ಕದ ಬೋರ್ಡಿಗೆ ಅಂಟಿಸಿದರು. ನಮ್ಮ ಡಾಕ್ಟರು ಈಗ ನೆಟ್‌ವರ್ಕಿನಲ್ಲಿದ್ದಾರೆ, ಸಮಾಧಾನವಾಗಿ ಕೇಳುತ್ತಾರೆ. ಸಮಾಧಾನದ ಕೆಳಗೆ ಎರಡು ಗೆರೆ. ಆ ಲಿಫ್ಟು ಬರುವಷ್ಟರಲ್ಲಿ ಯಾರು ಬೇಕಾದರೂ ಅದನ್ನು ನಾಲ್ಕು ಸಲ ಓದಬಹುದಿತ್ತು. ಎಲ್ಲರೂ ಓದಿದರು. ಪಕ್ಕದ ಕಟ್ಟಡದವರಿಗೂ ಹೇಳಿದರು.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಕ್ಕನ ಎಡಗೈಯಿಂದ ಕಾಫಿ ಲೋಟ ಜಾರಿ ಬಿತ್ತು. ಬೆರಳುಗಳು ತಮ್ಮವಲ್ಲವೇನೋ ಎಂಬಂತೆ ಹತ್ತು ನಿಮಿಷ ಮರಗಟ್ಟಿದ್ದವು, ಆಮೇಲೆ ಸರಿಹೋದವು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಅಕ್ಕ ಹೆದರಿದರು, ಚೆನ್ನಾಗಿಯೇ ಹೆದರಿದರು. ಆದರೆ ಯಾರಿಗೂ ಬಾಯಿ ಬಿಡಲಿಲ್ಲ. ಬಿಪಿ ನೋಡಿಸಲು ಎಂದೋ ಬರೆಸಿದ್ದ ಸರದಿ ಆ ಗುರುವಾರವೇ ಇತ್ತು, ಅಲ್ಲೇ ಹೇಳಿದರಾಯಿತು ಅಂದುಕೊಂಡರು.

ಕ್ಲಿನಿಕ್ಕಿನಲ್ಲಿ ಹೊಸ ಕುರ್ಚಿಗಳು, ಟೋಕನ್ ಕೊಡುವ ಯಂತ್ರ. ಕೂತವರೆಲ್ಲ ಗುರುತಿನ ಮುಖಗಳೇ. “ಅಕ್ಕಾ, ನಿಮ್ಮ ಹೊಟ್ಟೆ ತಣ್ಣಗಿರಲಿ, ಎಂಥಾ ಡಾಕ್ಟರನ್ನ ಕೊಡಿಸಿದ್ರಿ!” ಅಂದರು ಎರಡನೇ ಮಹಡಿಯವರು. ಮೊಣಕಾಲು ತೋರಿಸಲು ಬಂದಿದ್ದ ಮೈದುನ ಮೂಲೆಯಿಂದ ಕೈಯೆತ್ತಿದ.

ಒಳಗೆ ಡಾಕ್ಟರು ನಕ್ಕರು. ಆದರೆ ಕಣ್ಣು ಕಂಪ್ಯೂಟರಿನ ಮೇಲೆಯೇ ಇತ್ತು. ಒಬ್ಬರಿಗೆ ಎಂಟು ನಿಮಿಷ. ಅಕ್ಕ ಹಾಲಿನ ಪ್ಯಾಕೆಟ್ಟು ತಡವಾಗಿ ಬಂದಲ್ಲಿಂದ ಶುರು ಮಾಡಿ, ಕಾಫಿ ಸೋಸುವವರೆಗೆ ಬಂದಿದ್ದರು. ನರ್ಸು ಬಾಗಿಲು ತಟ್ಟಿದಳು.

“ಬಿಪಿ ಪರವಾಗಿಲ್ಲ. ಅದೇ ಮಾತ್ರೆ ಮುಂದುವರಿಸಿ. ಉಳಿದಿದ್ದು ಮುಂದಿನ ಸಲ ಹೇಳಿಯಮ್ಮ,” ಅಂದರು ಡಾಕ್ಟರು. ಅವರ ಮುಖದಲ್ಲಿ ನಾಚಿಕೆಯಿತ್ತು.

ಮುಂದಿನ ಸಲ ಎಂದರೆ ಹನ್ನೊಂದು ವಾರ. “ಅರ್ಜೆಂಟಿದ್ರೆ ನೆಟ್‌ವರ್ಕಿನ ಹೊರಗಿನವರನ್ನ ನೋಡಬಹುದಮ್ಮ,” ಎಂದು ಕೌಂಟರಿನ ಹುಡುಗಿ ಅಕ್ಕನಿಗೆ ಬಿಡಿಸಿ ಬಿಡಿಸಿ ವಿವರಿಸಿದಳು. “ನಿಮ್ಮ ಪ್ಲ್ಯಾನ್‌ನಲ್ಲಿ ಅದಕ್ಕೆ ಅವಕಾಶ ಇರುತ್ತೆ. ಸ್ವಲ್ಪ ಜಾಸ್ತಿ ಬೀಳುತ್ತೆ, ಅಷ್ಟೇ.”

ಅಕ್ಕ ತಲೆಯಾಡಿಸಿದರು. ಯಾವ ಪುಸ್ತಕಕ್ಕಾದರೂ ಕಾರ್ಡಿನಲ್ಲಿ ಎಷ್ಟು ಪ್ರತಿ ಇದೆ ಎಂದು ಬರೆಯದೆ ಬಿಟ್ಟವರಲ್ಲ ಅವರು. ಈ ಡಾಕ್ಟರ ಕಾರ್ಡೊಂದರಲ್ಲಿ ಮಾತ್ರ ಮರೆತಿದ್ದರು. ಇದ್ದದ್ದು ಒಂದೇ ಪ್ರತಿ. ಓದುಗರನ್ನು ಕರೆದು ಕರೆದು ತಂದವರು ತಾವೇ. ಈಗ ಅವರೆಲ್ಲರ ಮುಂದೆ ನನ್ನನ್ನು ಮತ್ತೆ ಒಳಗೆ ಬಿಡಿ ಎನ್ನಲು ನಾಲಿಗೆ ಏಳಲಿಲ್ಲ. ಹೋಗಿ ಮೈದುನನ ಪಕ್ಕ ಕೂತರು.

“ಏನಂದ್ರು ಡಾಕ್ಟ್ರು?”

ಅಕ್ಕ ಹಾಲಿನ ಪ್ಯಾಕೆಟ್ಟಿನಿಂದಲೇ ಶುರು ಮಾಡಿದರು. ಅವನ ಮುಂದೆ ಇನ್ನೂ ನಾಲ್ಕು ಟೋಕನ್ ಇದ್ದವು, ಓಡಿಹೋಗುವ ದಾರಿಯಿರಲಿಲ್ಲ. ಮೊದಲು ನಗುತ್ತಾ ಕೇಳಿದ. ಲೋಟ ಬಿದ್ದಲ್ಲಿಗೆ ಬಂದಾಗ ನಗು ನಿಂತಿತು.

“ಯಾವ ಕೈ? ಎಷ್ಟು ಹೊತ್ತು ಹಾಗಿತ್ತು? ಮಾತು ಏನಾದ್ರೂ ತೊದಲಿತಾ?” ಎಂದು ಒಂದೊಂದಾಗಿ ಕೇಳಿದ. ಮರುಕ್ಷಣ ಎದ್ದು, ಮುಂದಿದ್ದ ನಾಲ್ವರ ಹತ್ತಿರ ಬಗ್ಗಿ ಏನೋ ಹೇಳಿ, ನೇರ ಒಳಗೆ ಹೋದ.

ಒಂದು ನಿಮಿಷವೂ ಆಗಿರಲಿಲ್ಲ, ಬಾಗಿಲು ತೆರೆಯಿತು. ಡಾಕ್ಟರೇ ಹೊರಗೆ ಬಂದು ನಿಂತಿದ್ದರು, ಅವರ ಹಿಂದೆ ಮೈದುನ.

“ಎದ್ದೇಳಿ ಅತ್ತಿಗೆ. ನನ್ನ ಸರದಿ ನಿಮಗೆ. ಮೊಣಕಾಲಿಗೆ ಏನವಸರ, ಹನ್ನೊಂದು ವಾರ ಕುಂಟಿಕೊಂಡಿರುತ್ತೆ.”

ಯಾರೂ ತಕರಾರು ತೆಗೆಯಲಿಲ್ಲ. ಎರಡನೇ ಮಹಡಿಯವರು ಕಾಲು ಮಡಚಿಕೊಂಡು ದಾರಿ ಬಿಟ್ಟರು. ಅಕ್ಕ ಒಳಗೆ ಹೋಗಿ ಕುರ್ಚಿಯಲ್ಲಿ ಕೂರುವ ಮೊದಲೇ, ನಿಂತುಕೊಂಡೇ ಹೇಳಿಬಿಟ್ಟರು:

“ಡಾಕ್ಟ್ರೇ, ನನಗೆ ತುಂಬಾ ಭಯ ಆಗಿದೆ.”