ಒಂದೇ ನೀರಿನ ಬಟ್ಟೆ

ಇನ್ನೊಂದು ನೀಲಿ, ಅಲ್ಲಿ, ಚೌಕದ ಮೂಲೆಯಲ್ಲಿ ಗೆರೆಗೆ ಆತುಕೊಂಡು, ಎಣಿಸಬೇಕೋ ಬಿಡಬೇಕೋ, ಎಣಿಸು, ಬೆರಳು ಎಣಿಕೆಯ ಗುಂಡಿ ಒತ್ತುತ್ತದೆ, ಟಕ್ — ಸತ್ತ ಕೋಶ ಬಣ್ಣ ಕುಡಿಯುತ್ತದೆ, ಬದುಕಿದ್ದು ಬೆಳ್ಳಗೆ ಕೂತಿರುತ್ತದೆ, ಒಂಬತ್ತು ವರ್ಷದಿಂದ ಇದೇ ಸೂಕ್ಷ್ಮದರ್ಶಕ, ಇದೇ ಸ್ಟೂಲು, ಶಾಂಪೂ, ಕೂದಲಿನ ಬಣ್ಣ, ನೆಲ ಒರೆಸುವ ದ್ರವ, ಯಾವುದು ಬಂದರೂ ಚರ್ಮದ ಕೋಶಗಳ ಮೇಲೆ ಹನಿಸಿ ಎಷ್ಟು ಸತ್ತವೆಂದು ಬರೆದಿಟ್ಟು ಮನೆಗೆ ಹೋಗುವವಳು ನಾನು, ಈ ವಾರ ವಿಮಾನದ ಇಂಧನ. ಇದು ಇಂಧನವನ್ನು ಎಲ್ಲಕ್ಕಿಂತ ಕಡಿಮೆ ಬೆರೆಸಿದ ತಟ್ಟೆ, ಇದರಲ್ಲಿ ಏನೂ ಆಗಿರಲ್ಲ ಬಿಡಿ ಮೇಡಮ್ ಅಂದಿದ್ದೆ, ಆಗಿದೆ, ಮೂರರಲ್ಲಿ ಒಂದು ನೀಲಿ. ಬೆಳಿಗ್ಗೆ ಬಾಟಲಿಯ ಮುಚ್ಚಳ ತೆಗೆದಾಗ ಎಲ್ಲರೂ ಮೂಗು ಮುಚ್ಚಿಕೊಂಡರು, ನಾನು ಮುಚ್ಚಿಕೊಳ್ಳಲಿಲ್ಲ, ಸೀಮೆಎಣ್ಣೆಯ ದಾಯಾದಿಯಂಥ ಆ ವಾಸನೆ ನನಗೆ ಗಂಡ ಮನೆಗೆ ಬಂದ ವಾಸನೆ, ಬಾಗಿಲು ತೆರೆದರೆ ಮೊದಲು ಅದು, ಆಮೇಲೆ ಅವರು.

ಅವರದು ವಿಮಾನದ ರೆಕ್ಕೆಯೊಳಗಿನ ಟ್ಯಾಂಕಿಗೆ ಹಾವಿನ ಹಾಗೆ ನುಸುಳಿ ಸೋರಿಕೆ ಹುಡುಕುವ ಕೆಲಸ, ಕೈಗವಸು ಕೊಟ್ಟಿದ್ದಾರೆ, ಹಾಕುವುದಿಲ್ಲ, ಅದನ್ನ ಹಾಕ್ಕೊಂಡ್ರೆ ಬೆರಳಿಗೆ ಕಣ್ಣು ಹೋದ ಹಾಗಾಗುತ್ತೆ ಕಣೇ, ಅಲ್ಲಿ ಕೂದಲೆಳೆಯಷ್ಟು ಬಿರುಕನ್ನ ಬೆರಳೇ ನೋಡ್ಬೇಕು ಅನ್ನುತ್ತಾರೆ, ಬಿರುಕು ಹುಡುಕುವ ಬೆರಳಲ್ಲೇ ಈಗ ಬಿರುಕು, ಆದರೂ ಪಾಪ, ಮನೆಗೆ ಬಂದವರೇ ಸ್ನಾನ, ಆಮೇಲೆ ಮೂರು ಸಲ ಕೈ ತೊಳೆದು, ಅಷ್ಟಾದರೂ ನಂಬಿಕೆಯಿಲ್ಲದೆ ಐದು ತಿಂಗಳ ಮಗಳನ್ನು ಮೊಣಕೈ ಮೇಲೆ ಎತ್ತಿಕೊಳ್ಳುತ್ತಾರೆ, ಅಂಗೈ ತಾಗಿಸುವುದಿಲ್ಲ. ಮಗಳ ಪಾದದ ಗಂಟಿನ ಸುತ್ತ, ಕಂಕುಳಲ್ಲಿ, ಕುತ್ತಿಗೆಯಲ್ಲಿ ಕೆಂಪು ಗಂದೆ, ಎರಡು ತಿಂಗಳಾಯಿತು, ನಿನ್ನ ಸೋಪೇ ಸರಿಯಿಲ್ಲ ಎಂದರು ಅತ್ತೆ, ಮೂರು ಸೋಪು ಬದಲಾಯಿಸಿದೆ, ಮುಲಾಮು ಹಚ್ಚಿದೆ, ನಾಲ್ಕು ದಿನ ಬಾಡುತ್ತದೆ, ಮತ್ತೆ ಏಳುತ್ತದೆ — ಕೋಶದ ಬಾಟಲಿಯ ಚೀಟಿ ಇವತ್ತು ಯಾಕೆ ಕಣ್ಣಿಗೆ ಬಿತ್ತೋ, ಒಂಬತ್ತು ವರ್ಷದಿಂದ ಅಲ್ಲೇ ಬರೆದಿದೆ, ದಾನಿ: ನವಜಾತ ಶಿಶು. ಗಂದೆ ಇರುವುದೆಲ್ಲ ಎಲ್ಲಿ, ಬಟ್ಟೆ ಬಿಗಿದ ಕಡೆ, ಕಾಲುಚೀಲದ ಬಾಯಿ, ತೋಳಿನ ಹೊಲಿಗೆ, ಕಾಲರು. ಅವರ ಅಂಗೈ ಅಲ್ಲ, ಬಟ್ಟೆ. ಬಟ್ಟೆ ಒಗೆಯುವವಳು ಯಾರು, ನಾನು.

ಅವರು ಹೇಳಿದ್ದರು, ನನ್ನ ಕೆಲಸದ ಬಟ್ಟೆ ಬೇರೆ ಹಾಕೇ, ಪಾಪು ಬಟ್ಟೆ ಜೊತೆ ಬೇಡ, ನಾನು ಸೆರಗು ಸಿಕ್ಕಿಸಿಕೊಂಡು, ಅಯ್ಯೋ ಸುಮ್ನಿರ್ರೀ, ಬಿಸಿನೀರಲ್ಲಿ ಎಲ್ಲಾ ಹೋಗುತ್ತೆ, ನನಗಿರೋದು ಎರಡೇ ಕೈ, ಇದೇ ಕೆಲಸ ಮಾಡೋಳು ನಾನು, ನನಗೆ ಗೊತ್ತಿಲ್ವಾ ಅಂದೆ, ಇಲ್ಲಿ ಎರಡೆರಡು ಕೈಗವಸು ಹಾಕುವವಳು, ದೀಪದ ಬುಡದಲ್ಲಿ ಕತ್ತಲು ಅನ್ನುವುದು ನನ್ನಂಥವಳನ್ನು ನೋಡಿಯೇ ಇರಬೇಕು, ಹಾಳಾದ ಬಾಯಿ, ನಾಚಿಕೆಯಾಗುತ್ತಿದೆ. ಫೋನ್ ಮಾಡಬೇಕು, ಇವತ್ತು ಅವರಿಗೆ ರಜೆ, ಹೇಗೆ ಹೇಳುವುದು, ಇಂಧನ ಅಂತ ಕೇಳಿದ ತಕ್ಷಣ ತನ್ನಿಂದಲೇ ಅಂದುಕೊಳ್ಳುತ್ತಾರೆ, ಈಗ ಮೊಣಕೈ ಮೇಲಾದರೂ ಎತ್ತಿಕೊಳ್ಳುತ್ತಾರೆ, ನಾಳೆಯಿಂದ ಅದೂ ಇರುವುದಿಲ್ಲ, ಬಾಗಿಲಲ್ಲಿ ನಿಂತು ಮಗಳನ್ನು ದೂರದಿಂದ ನೋಡುತ್ತಾರೆ, ಅಷ್ಟು ಮೆತ್ತನೆಯ ಮನುಷ್ಯ.

ವಿಡಿಯೋದಲ್ಲಿ ಮುಖ, ನಗು, ನಾನು ಬಾಯಿ ತೆರೆಯುವ ಮೊದಲೇ, ನೋಡು, ನೀನು ಬರೋಷ್ಟರಲ್ಲಿ ಒಂದು ಕೆಲಸ ಕಮ್ಮಿ ಮಾಡಿದೀನಿ, ನಂದು, ಪಾಪೂದು, ನೀನು ಹಾಕೋ ಹಾಗೇ ಎಲ್ಲಾ ಒಟ್ಟಿಗೆ ಮಷೀನಿಗೆ ಹಾಕಿದೀನಿ. ನಿಲ್ಲಿಸಿ, ನಿಲ್ಲಿಸ್ರೀ ಅದನ್ನ. ಯಾಕೆ. ಹೇಳಿದೆ, ತಟ್ಟೆ, ನೀಲಿ, ಗಂದೆ, ಎಲ್ಲ ಒಂದೇ ಉಸಿರಿಗೆ, ಅವರು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು, ನನ್ನಿಂದಾನಾ ಅಂದರು. ಅಲ್ಲ, ನನ್ನಿಂದ, ನೀವು ಹೇಳಿದ್ರಿ, ನಾನೇ ಕೇಳಲಿಲ್ಲ. ಅವರು ಕೇಳಿಸಿಕೊಂಡರೋ ಇಲ್ಲವೋ, ಗುಂಡಿ ಒತ್ತುತ್ತಿದ್ದಾರೆ, ಮತ್ತೆ ಒತ್ತುತ್ತಿದ್ದಾರೆ, ನಿಲ್ತಿಲ್ವಲ್ಲೇ ಇದು, ಫೋನ್ ಮಷೀನಿನ ಕಡೆ ತಿರುಗಿದೆ, ದುಂಡು ಗಾಜು, ನೊರೆ, ಅವರ ಕೆಲಸದ ಅಂಗಿಯ ಬೂದು ತೋಳು ಉರುಳಿ ಬರುತ್ತದೆ, ಅದರಡಿಯಿಂದ ನನ್ನ ಹೆಬ್ಬೆರಳಷ್ಟು ಹಳದಿ ಕಾಲುಚೀಲ ಗಾಜಿಗೆ ಒತ್ತಿ, ಮುಳುಗಿ, ತೋಳು, ಮತ್ತೆ ಹಳದಿ ಕಾಲುಚೀಲ, ಗಾಜಿಗೆ ಒತ್ತಿ, ಮತ್ತೆ ಕಾಲುಚೀಲ —